ಹಳೇ ವಾಲ್ವ್ ಸೆಟ್ಟು, ಹೊಸ ಕರೆಂಟು

ನಮ್ಮ ಹೊಳಲ್ಕೆರೆ, ಹೊಸದುರ್ಗದ ಕಡೆ ಹಳಬರು "ಕರೆಂಟು ಡಿಮ್ ಐತೆ" ಅಂತ ಗೊಣಗಿದ್ದೇ ಗೊಣಗಿದ್ದು. ಜಾಸ್ತಿ ಆತು ಅಂತ ಗೊಣಗಿದೋರನ್ನ ನಾನಂತೂ ಕಂಡಿಲ್ಲ. ಆದ್ರೆ ಅಟ್ಟದ ಮ್ಯಾಲಿಂದ ಇಳಿಸಿದ ವಾಲ್ವ್ ರೇಡಿಯೋ, ಜಾತ್ರೆಗೆ ಹಾಡು ಹಾಕ್ತಿದ್ದ ಮೈಕ್‌ಸೆಟ್ಟಿನ ಆಂಪ್ಲಿಫೈಯರು, ಇವಕ್ಕೆ ಈಗ ಅದೇ ಕಂಟಕ.

ವಾಲ್ವಿನೊಳಗೆ ಕೆಂಪಗೆ ಕಾಯೋ ತಂತಿಗೆ ಹೀಟರ್ ಅಂತಾರೆ. ಬಹಳಷ್ಟು ವಾಲ್ವಿಗೆ ಬೇಕಾದ್ದು 6.3 ವೋಲ್ಟು. ಇದೆಂಥ ಚಿಲ್ರೆ ಲೆಕ್ಕ ಅಂತೀರಾ? 1930ರ ದಶಕದಾಗೆ ಅಮೆರಿಕದೋರು ಕಾರಿನಾಗೆ ರೇಡಿಯೋ ಕೂರಿಸಿದ್ರು. ಆಗಿನ ಕಾರು ಬ್ಯಾಟರಿಗೆ ಮೂರು ಸೆಲ್ಲು, ಒಂದೊಂದು 2.1 ವೋಲ್ಟು. ಕೂಡಿದ್ರೆ 6.3. ಬೆಂಗಳೂರಿನ ಬಿಇಎಲ್ 60ರ ದಶಕದಾಗೆ ಮಾಡಿದ ಎಷ್ಟೋ ವಾಲ್ವಿಗೂ ಅದೇ ಲೆಕ್ಕ ಬಂತು.

ಇನ್ನು ಕರೆಂಟಿನ ಕತೆ. ಶಿವನಸಮುದ್ರದಾಗೆ 1902ಕ್ಕೇ ಅದು ಹುಟ್ಟಿದ್ರೂ ಮೊದ್ಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ಕ್ಕೆ ಬೆಂಗಳೂರಿಗೆ. ನಮ್ಮ ಹಳ್ಳಿಗೆ ಬರೋ ಹೊತ್ತಿಗೆ ದಶಕಗಳೇ ಉರುಳಿದ್ವು. ಬಂದ ಮ್ಯಾಲೂ ಉದ್ದುದ್ದ ಲೈನು, ತೆಂಗು ಅಡಿಕೆ ತೋಟದ ಪಂಪ್‌ಸೆಟ್ಟು. ಲೈನಿನ ಕೊನೇ ಮನೆಗೆ 230 ವೋಲ್ಟು ಎಲ್ಲಿ ಮುಟ್ಟಬೇಕು? ಹಂಗಾಗಿ ಸೆಟ್ಟಿನ ಹಿಂದೆ 200, 220, 240 ಅಂತ ಇರೋ ಟ್ಯಾಪನ್ನ ರಿಪೇರಿಯೋರು ಇಳಿಸಿ ಕೊಡ್ತಿದ್ರು. ಆ ಕಾಲಕ್ಕೆ ಅದೇ ಸರಿ.

ನಮ್ಮನೆ ಸೆಟ್ಟೂ 220ರ ಮ್ಯಾಲೇ ನಿಂತಿತ್ತು. ಈಗ ರಾತ್ರಿ ಪಂಪು ನಿಂತ ಮ್ಯಾಲೆ ಮೀಟರಿನಾಗೆ 245 ಬರ್ತೈತೆ. ಹೀಟರಿಗೆ ಆಗ 7 ವೋಲ್ಟು. ಹಂಗೇ ಕಾದ್ರೆ ಕ್ಯಾಥೋಡಿನ ಲೇಪ ಬೇಗ ಸವೀತೈತೆ. ಟ್ಯಾಪು 240ಕ್ಕೆ ಏರಿಸಿದ್ವಿ, 6.4ಕ್ಕೆ ಇಳೀತು. ಒಂದು ಪೈಸೆ ಖರ್ಚಿಲ್ಲ.

ಟ್ಯಾಪಿಲ್ಲದ ಸೆಟ್ಟಿಗೆ ಹೀಟರಿನ ದಾರಿಗೆ ಒಂದು ರೆಸಿಸ್ಟರ್ ಸೇರಿಸ್ಬೇಕು. ಒಂದು ಇಎಲ್84ಕ್ಕೆ 0.76 ಆಂಪಿಯರ್, ಒಂದು ಇಸಿಸಿ83ಕ್ಕೆ 0.3, ಒಟ್ಟು 1.06. ಇಳಿಸ್ಬೇಕಾದ್ದು 0.7 ವೋಲ್ಟು. ಭಾಗಿಸಿದ್ರೆ 0.66 ಓಮ್, ಅಂಗಡ್ಯಾಗೆ 0.68 ಸಿಗ್ತೈತೆ. ಅದ್ರಾಗೆ ಮುಕ್ಕಾಲು ವಾಟು ಬಿಸಿಯಾಗ್ತೈತೆ, ಅದಕ್ಕೆ 5 ವಾಟಿಂದೇ ತಗೊಳ್ರಿ. ವಾಲ್ವು ಹಾಕಿ, ಕಾದ ಮ್ಯಾಲೇ ಅಳೀರಿ. ಬಹಳ ಇಳಿಸಿದ್ರೂ ವಾಲ್ವಿಗೆ ಒಳ್ಳೇದಲ್ಲ. ಪ್ಲಗ್ ಕಿತ್ತ ಮ್ಯಾಲೂ ಕಂಡೆನ್ಸರಿನಾಗೆ ನೂರಾರು ವೋಲ್ಟು ಉಳಿದಿರ್ತೈತೆ. ಗೊತ್ತಿದ್ದೋರ ಕೈಲೇ ಮಾಡಿಸ್ರಿ.

ಬಿಇಎಲ್ ಆ ರೇಡಿಯೋ ವಾಲ್ವುಗಳನ್ನ ಈಗ ಮಾಡಲ್ಲ. ಸುಟ್ಟರೆ ಹುಡುಕ್ಕೊಂಡು ಅಲೀಬೇಕು. ಸೆಟ್ಟು ಹಚ್ಚೋಕೆ ಮುಂಚೆ ಅದರ ಬೆನ್ನು ತಿರುಗಿಸಿ ಟ್ಯಾಪು ನೋಡ್ರಿ. ನಿಮ್ಮೂರ ಹಳೇ ಕರೆಂಟು ಹೆಂಗಿತ್ತು ಅಂತ ಅದರ ಮ್ಯಾಲೇ ಬರದೈತೆ.