ಒಂದೇ ರಿಕ್ವೆಸ್ಟ್, ಹತ್ತು ಹೆಸರು: ಜಾವಾಸ್ಕ್ರಿಪ್ಟ್ ಸರ್ವರ್‌ಗಳ ಸಣ್ಣ ಇತಿಹಾಸ

ಪುಣೆಗೆ ಬಂದ ಹೊಸದರಲ್ಲಿ ಬಾಡಿಗೆ ಅಗ್ರಿಮೆಂಟಿನ ಫಾರ್ಮ್‌ನಲ್ಲಿ ‘ಸರ್‌ನೇಮ್’ ಅಂತ ಒಂದು ಕಾಲಂ ಇತ್ತು. ನಮ್ಮ ಮನೇಲಿ ಸರ್‌ನೇಮ್ ಎಲ್ಲಿಂದ ಬರ್ಬೇಕು? ಇರೋದು ಊರಿಂದೊಂದು, ಅಪ್ಪನದೊಂದು ಇನಿಷಿಯಲ್. ಕೊನೆಗೆ ಅಪ್ಪನ ಹೆಸರನ್ನೇ ಅಲ್ಲಿ ತುಂಬಿದೆ. ಈಗ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಅಗ್ರಿಮೆಂಟಿನಲ್ಲಿ ಇನ್ನೊಂದು. ಆಸಾಮಿ ಮಾತ್ರ ಒಬ್ಬನೇ. ಜಾವಾಸ್ಕ್ರಿಪ್ಟ್ ಸರ್ವರ್‌ಗಳಲ್ಲಿ ವೆಬ್ ರಿಕ್ವೆಸ್ಟ್‌ನ ಕಥೆಯೂ ಹೀಗೇ ಇದೆ.

ಈ ತೊಂದರೆಗೆ ಬೇರೆ ಭಾಷೆಗಳು ಮೊದಲೇ ಪರಿಹಾರ ಕಂಡುಕೊಂಡಿದ್ದವು. ಪೈಥಾನ್‌ನವರು 2003ರಲ್ಲೇ ಡಬ್ಲ್ಯುಎಸ್‌ಜಿಐ ಬರೆದರು: ಸರ್ವರ್ ಯಾವುದೇ ಇರಲಿ, ಫ್ರೇಮ್‌ವರ್ಕ್‌ಗೆ ರಿಕ್ವೆಸ್ಟ್ ಒಂದೇ ರೂಪದ ಡಿಕ್ಷನರಿಯಾಗಿ ಸಿಗಬೇಕು. 2007ರಲ್ಲಿ ರೂಬಿಗೆ ರ‍್ಯಾಕ್ ಬಂತು. ಇವೆರಡನ್ನೂ ನೋಡಿ ಜಾವಾಸ್ಕ್ರಿಪ್ಟ್‌ನವರೂ 2009ರ ಸುಮಾರಿಗೆ ಜೆಎಸ್‌ಜಿಐ ಅಂತ ಒಂದು ಪ್ರಯತ್ನ ಮಾಡಿದರು.

ಅದೇ ವರ್ಷ ರಯಾನ್ ಡಾಲ್ ಬರ್ಲಿನ್‌ನ ಜೆಎಸ್‌ಕಾನ್ಫ್‌ನಲ್ಲಿ ನೋಡ್ ತೋರಿಸಿದರು. ನೋಡ್‌ನಲ್ಲಿ ರಿಕ್ವೆಸ್ಟ್ ಅಂದರೆ ಸ್ಟ್ರೀಮ್; ಬಾಡಿ ತುಂಡು ತುಂಡಾಗಿ ಬರುತ್ತೆ. ಆ ಕಚ್ಚಾ ಆಬ್ಜೆಕ್ಟ್ ಜೊತೆ ಕೆಲಸ ಮಾಡೋದು ಕಷ್ಟ. ಹಾಗಾಗಿ 2010ರಲ್ಲಿ ಕನೆಕ್ಟ್ ಮತ್ತು ಎಕ್ಸ್‌ಪ್ರೆಸ್ ಅದಕ್ಕೇ ‘ಕ್ವೆರಿ’, ‘ಪ್ಯಾರಮ್ಸ್’, ‘ಬಾಡಿ’ ಅಂತ ಪ್ರಾಪರ್ಟಿಗಳನ್ನು ಅಂಟಿಸಿದವು. ವಾಲ್‌ಮಾರ್ಟ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಹ್ಯಾಪಿ, ಬಾಡಿಯನ್ನು ‘ಪೇಲೋಡ್’ ಅಂದಿತು. 2013ರ ಕೋವಾದಲ್ಲಿ ‘ರೆಕ್’ ಬೇರೆ, ‘ರಿಕ್ವೆಸ್ಟ್’ ಬೇರೆ! 2016ರಲ್ಲಿ ಶುರುವಾದ ಫಾಸ್ಟಿಫೈ ತನ್ನದೇ ಆಬ್ಜೆಕ್ಟ್ ಕೊಟ್ಟು, ನೋಡ್‌ನ ಮೂಲವನ್ನು ‘ರಾ’ ಅಂತ ಪಕ್ಕಕ್ಕಿಟ್ಟಿತು. ಪ್ರತಿಯೊಬ್ಬರಿಗೂ ಅವರದೇ ಕಾರಣವಿತ್ತು. ಆದರೆ ಎಲ್ಲ ಕಡೆ ಓಡಬೇಕಾದ ಲೈಬ್ರರಿ ಬರೆಯುವವನು ಪ್ರತಿಯೊಂದಕ್ಕೂ ಒಂದು ಅಡಾಪ್ಟರ್ ಬರೀತಾ ಕೂರಬೇಕಾಯಿತು.

ಕೊನೆಗೆ ಉತ್ತರ ಬಂದಿದ್ದು ಸರ್ವರ್ ಲೋಕದಿಂದಲ್ಲ, ಬ್ರೌಸರ್‌ನಿಂದ. ಫೆಚ್ ಸ್ಟ್ಯಾಂಡರ್ಡ್‌ನ ‘ರಿಕ್ವೆಸ್ಟ್’ ಮತ್ತು ‘ರೆಸ್ಪಾನ್ಸ್’ ಆಬ್ಜೆಕ್ಟ್‌ಗಳನ್ನು 2017ರಲ್ಲಿ ಕ್ಲೌಡ್‌ಫ್ಲೇರ್ ವರ್ಕರ್ಸ್ ಸರ್ವರ್ ಕಡೆಗೆ ತಂದಿತು. ಆಮೇಲೆ ಡೆನೋ, ಬನ್, ಹೋನೋ ಅದೇ ದಾರಿ ಹಿಡಿದವು. 2022ರಲ್ಲಿ ನೋಡ್ 18 ಫೆಚ್ ಅನ್ನು ತಾನಾಗಿಯೇ ಆನ್ ಮಾಡಿತು. ಅದೇ ವರ್ಷ ರನ್‌ಟೈಮ್‌ಗಳ ನಡುವೆ ಹೊಂದಾಣಿಕೆ ತರೋಕೆ ವಿಂಟರ್‌ಸಿಜಿ ಗುಂಪು ಶುರುವಾಯಿತು. ಪೈಥಾನ್ 2003ರಲ್ಲಿ ಕಟ್ಟಿದ್ದನ್ನು ನಾವು ಸುಮಾರು ಇಪ್ಪತ್ತು ವರ್ಷ ಸುತ್ತಿ ಮುಟ್ಟಿದೆವು.

ಹಾಗಾದ್ರೆ ಸಮಸ್ಯೆ ಮುಗೀತಾ? ಇಲ್ಲ. ಒಂದು ಪ್ರಾಜೆಕ್ಟ್‌ನಲ್ಲಿ ಪೇಮೆಂಟ್ ವೆಬ್‌ಹುಕ್‌ಗೆ ಅಡಾಪ್ಟರ್ ಬರೆದವನು ನಾನೇ. ಅಷ್ಟರಲ್ಲಿ ಎಕ್ಸ್‌ಪ್ರೆಸ್ ಪಾರ್ಸರ್ ಬಾಡಿಯನ್ನು ಓದಿ ಮುಗಿಸಿತ್ತು. ಪರವಾಗಿಲ್ಲ ಅಂತ ಆ ಆಬ್ಜೆಕ್ಟ್ ಅನ್ನೇ ಮತ್ತೆ ಜೇಸನ್ ಸ್ಟ್ರಿಂಗ್ ಮಾಡಿ ಮುಂದೆ ಕಳಿಸಿದೆ. ಮೂಲದಲ್ಲಿದ್ದ 10.0 ನನ್ನ ಸ್ಟ್ರಿಂಗ್‌ನಲ್ಲಿ 10 ಆಗಿತ್ತು. ಲೆಕ್ಕಕ್ಕೆ ಎರಡೂ ಒಂದೇ, ಬೈಟ್‌ಗಳು ಬೇರೆ, ಸಿಗ್ನೇಚರ್ ತಾಳೆಯಾಗಲಿಲ್ಲ. ಗ್ರಾಹಕರ ದುಡ್ಡು ಕಟ್ ಆಗಿದೆ, ಆರ್ಡರ್ ಮಾತ್ರ ಪೆಂಡಿಂಗ್. ಎರಡು ರಾತ್ರಿ ನಿದ್ದೆ ಇಲ್ಲ.

ಇಂಥ ಹಳ್ಳಗಳು ಇನ್ನೂ ಇವೆ. ನೋಡ್‌ನ ಯುಆರ್‌ಎಲ್ ಬರೀ ಪಾತ್. ಫೆಚ್‌ನದು ಪೂರ್ತಿ ವಿಳಾಸ. ಕೊರತೆಯನ್ನು ಹೋಸ್ಟ್ ಹೆಡರ್‌ನಿಂದ ತುಂಬುತ್ತೀರಿ, ಆದರೆ ಅದನ್ನು ಕಳಿಸೋದು ಎದುರಿನವನು. ಅದನ್ನೇ ನಂಬಿ ಪಾಸ್‌ವರ್ಡ್ ರೀಸೆಟ್ ಲಿಂಕ್ ಕಟ್ಟಿದರೆ, ಆ ಲಿಂಕ್ ಕಳ್ಳನ ಸೈಟಿಗೆ ಹೋಗಬಹುದು. ಕ್ವೆರಿಯಲ್ಲಿ ‘ಐಡಿ’ ಎರಡು ಸಲ ಬಂದರೆ ಎಕ್ಸ್‌ಪ್ರೆಸ್ ಅರೇ ಕೊಡುತ್ತೆ, ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್‌ನ ‘ಗೆಟ್’ ಮೊದಲನೆಯದನ್ನು ಮಾತ್ರ ಕೊಡುತ್ತೆ. ಒಂದು ಲೇಯರ್ ಒಂದನ್ನು ಚೆಕ್ ಮಾಡಿ, ಇನ್ನೊಂದು ಲೇಯರ್ ಬೇರೆಯದನ್ನು ಬಳಸಿದರೆ ಬಾಗಿಲು ತೆರೆದಂತೆಯೇ.

ಹಾಗಾಗಿ ನಾನು ಕಲಿತಿದ್ದು ಇಷ್ಟೇ: ರೂಪ ಬದಲಿಸೋದನ್ನು ಹೊಸ್ತಿಲಲ್ಲೇ, ಒಂದೇ ಸಲ ಮಾಡಿ. ಮೂಲ ಬೈಟ್‌ಗಳನ್ನು ಎಸೀಬೇಡಿ. ಫಾರ್ಮ್‌ಗೆ ಸರ್‌ನೇಮ್ ಕೊಡೋಣ. ಆದರೆ ಊರಿನ ಇನಿಷಿಯಲ್ ಇರೋ ಮಾರ್ಕ್ಸ್ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಳ್ಳೋಣ. ಯಾವತ್ತಾದರೂ ಯಾರಾದರೂ ಒರಿಜಿನಲ್ ಕೇಳೇ ಕೇಳ್ತಾರೆ. ಮುಂದಿನ ವಿಡಿಯೋದಲ್ಲಿ ಸಿಗೋಣ.