ನೀರೊಲೆಯ ಜೀರ್ಣೋದ್ಧಾರ

ದೀಪಾವಳಿಯ ನರಕ ಚತುರ್ದಶಿಗೆ ಮುನ್ನಾದಿನ ಬರುವುದು ನೀರು ತುಂಬುವ ಹಬ್ಬ. ಹಳೆ ಮೈಸೂರಿನ ಹಳ್ಳಿಮನೆಗಳಲ್ಲಿ ಅಂದು ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುತ್ತಿದ್ದರು. ಅದಕ್ಕೂ ಮೊದಲು ಇನ್ನೊಂದು ಕೆಲಸ ಮುಗಿದಿರಬೇಕಿತ್ತು. ಹಂಡೆಯ ಕೆಳಗಿನ ನೀರೊಲೆಯ ಬೂದಿ ತೋಡಿ, ವರ್ಷವಿಡೀ ಬೆಂಕಿ ಉಂಡು ಬಿರುಕುಬಿಟ್ಟ ಗೋಡೆಗೆ ಮಣ್ಣು ಮೆತ್ತಿ, ಸಗಣಿಯಲ್ಲಿ ಸಾರಿಸಿ, ಕೆಮ್ಮಣ್ಣಿನ ಪಟ್ಟೆ ಬಳಿಯಬೇಕಿತ್ತು. ಇದಕ್ಕೆ ಗಾರೆಯವನನ್ನು ಯಾರೂ ಕರೆಯುತ್ತಿರಲಿಲ್ಲ. ಮನೆಯ ಹೆಂಗಸರೇ ಮಾಡುತ್ತಿದ್ದರು. ಮನೆಯ ಬೇರೆಲ್ಲ ಭಾಗಕ್ಕೂ ಒಬ್ಬೊಬ್ಬ ಕಸುಬುದಾರನಿದ್ದ. ಒಲೆಗೆ ಮಾತ್ರ ಮನೆಯವರೇ ಎಂಜಿನಿಯರು.

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯಂಥ ಊರುಗಳಲ್ಲಿ ಈ ಒಲೆಯ ಚರಿತ್ರೆ ನೀರಿನ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. ಮಳೆಯನ್ನು ನಂಬಿದ ರಾಗಿಯ ಸೀಮೆಯಲ್ಲಿ ಉರುವಲೆಂದರೆ ಸೌದೆ, ಬೆರಣಿ, ಹೊಲದ ಕೂಳೆ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿಯತೊಡಗಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಕಬ್ಬು, ತೆಂಗು, ಭತ್ತ ಹಬ್ಬಿದವು. ಗದ್ದೆ ಬದಲಾದಂತೆ ಒಲೆಯ ಆಹಾರವೂ ಬದಲಾಯಿತು. ಕಬ್ಬಿನ ತರಗು, ತೆಂಗಿನ ಗರಿ, ಮಟ್ಟೆ, ಚಿಪ್ಪು ಮನೆಯ ಹಿತ್ತಿಲಲ್ಲಿ ರಾಶಿ ಬಿದ್ದವು. ಇವು ದುಡ್ಡು ಕೊಟ್ಟು ತರಬೇಕಾದವಲ್ಲ. ಆದರೆ ಇವುಗಳ ಸ್ವಭಾವ ಬೇರೆ. ಸೀಳಿದ ಸೌದೆ ನಿಧಾನವಾಗಿ ಉರಿಯುತ್ತದೆ. ತರಗು ಭಗ್ಗನೆ ಹೊತ್ತಿ ತಟಕ್ಕನೆ ಆರುತ್ತದೆ, ಮತ್ತೆ ಮತ್ತೆ ತುರುಕುತ್ತಲೇ ಇರಬೇಕು. ಅದಕ್ಕೆ ಅಗಲವಾದ ಬಾಯಿಯ ಒಲೆ ಬೇಕು. ಈ ಸಣ್ಣ ಸಂಗತಿಯನ್ನು ನೆನಪಿಡಬೇಕು. ಮುಂದೆ ವಿಜ್ಞಾನಿಗಳ ಒಲೆಗೂ ಹೆಂಗಸರ ಒಲೆಗೂ ಜಗಳ ಹತ್ತಿದ್ದು ಇಂಥದೇ ಕಾರಣಕ್ಕೆ.

ಹಳೆಯ ಅಡುಗೆಮನೆಯಲ್ಲಿ ಹೊಗೆಗೂಡು ಇರುತ್ತಿದ್ದುದು ಅಪರೂಪ. ಹಾಗೆಂದು ಕಟ್ಟಿದವರು ದಡ್ಡರೇನಲ್ಲ. ಮೇಲೆ ನಾಡಹೆಂಚು, ಅದರ ಸಂದುಗೊಂದಿನಲ್ಲಿ ಹೊಗೆ ನುಸುಳಿ ಹೋಗುತ್ತಿತ್ತು. ಉಳಿದದ್ದು ಗವಾಕ್ಷಿಯ ಪಾಲು. ಹೋಗುವಾಗ ಅದು ಅಟ್ಟದ ಮೇಲಿನ ಕೊಬ್ಬರಿಯನ್ನು ಒಣಗಿಸಿ, ತೊಲೆ ಜಂತಿಗಳಿಗೆ ಗೆದ್ದಲು, ಹುಳು ತಾಗದಂತೆ ಕಾಯುತ್ತಿತ್ತು. ತೊಲೆಯಿಂದ ಜೋತಾಡುವ ಇಲ್ಲಣ ಈ ಸೇವೆಗೆ ತೆತ್ತ ಸುಂಕ. ಇನ್ನೂ ದೊಡ್ಡ ಸುಂಕವನ್ನು ತೆತ್ತದ್ದು ಊದುಗೊಳವೆ ಹಿಡಿದು ಕೂತವರ ಕಣ್ಣು ಮತ್ತು ಪುಪ್ಪುಸ. ಅದನ್ನು ಯಾರೂ ಲೆಕ್ಕ ಇಡಲಿಲ್ಲ.

ಆಮೇಲೆ ಹೆಂಚಿನ ಜಾಗಕ್ಕೆ ಆರ್‌ಸಿಸಿ ಬಂತು. ಛಾವಣಿ ಹೊಸದು, ಒಲೆ ಮಾತ್ರ ಹಳೆಯದು! ಹೊಗೆ ಹೋಗಲು ದಾರಿಯೇ ಇಲ್ಲದಾಯಿತು. ಹಳೆ ಮನೆಯಲ್ಲಿ ಸಹಿಸಬಹುದಾಗಿದ್ದ ಒಲೆ ಹೊಸ ಮನೆಯಲ್ಲಿ ಉಸಿರುಗಟ್ಟಿಸುತ್ತದೆಂದು ಎಷ್ಟೋ ಕುಟುಂಬಗಳಿಗೆ ಗೃಹಪ್ರವೇಶವಾದ ಮೇಲೆಯೇ ತಿಳಿಯಿತು.

ಹೊಗೆಯುಗುಳುವ ಒಲೆಯನ್ನು ಸರಿಪಡಿಸುವ ಹಂಬಲ ನಮ್ಮವರಿಗಷ್ಟೇ ಸೇರಿದ್ದಲ್ಲ. ಇಂಗ್ಲೆಂಡಿನಲ್ಲಿ ಚಳಿ ಕಾಯಿಸುವ ಗೋಡೆಗೂಡುಗಳು ಕೋಣೆಯ ತುಂಬ ಹೊಗೆ ಉಗುಳುತ್ತಿದ್ದ ಕಾಲದಲ್ಲಿ, ಅಮೆರಿಕದಲ್ಲಿ ಹುಟ್ಟಿ ಯುರೋಪಿನಲ್ಲಿ ಹೆಸರು ಮಾಡಿದ ಕೌಂಟ್ ರಮ್‌ಫೋರ್ಡ್ ಇದಕ್ಕೆ ಮದ್ದು ಹುಡುಕಿದ. 1796ರ ಪ್ರಬಂಧದಲ್ಲಿ ಅವನು ಹೇಳಿದ ಉಪಾಯದ ಸೊಗಸೆಂದರೆ ಹಳೆಯದನ್ನು ಕೆಡವಬೇಕಿರಲಿಲ್ಲ. ಕೆಲವೇ ಇಟ್ಟಿಗೆ ಸೇರಿಸಿ ಪಕ್ಕದ ಗೋಡೆಗಳನ್ನು ಓರೆ ಮಾಡುವುದು, ಹೊಗೆಗೂಡಿನ ಗಂಟಲನ್ನು ನಾಲ್ಕು ಅಂಗುಲಕ್ಕೆ ಕಿರಿದಾಗಿಸುವುದು, ಅಷ್ಟೆ. ಗಂಟಲು ಅಗಲವಾಗಿದ್ದರೆ ಹೊಗೆ ಸಲೀಸಾಗಿ ಹೋಗುತ್ತದೆಂದು ನಮಗೆ ತೋರುತ್ತದೆ. ನಿಜ ಅದಕ್ಕೆ ತಿರುಗುಮುರುಗು. ಅಗಲ ಗಂಟಲಿಗೆ ಕೋಣೆಯ ತಣ್ಣನೆ ಗಾಳಿಯೂ ನುಗ್ಗಿ ಹೊಗೆಯ ಬಿಸಿಯನ್ನು ಇಳಿಸುತ್ತದೆ. ಬಿಸಿ ಇಳಿದ ಹೊಗೆ ಮೇಲೇರದು. ಬೆಂಗಳೂರಿನ ದಂಡು ಪ್ರದೇಶದ ಹಳೆ ಬಂಗಲೆಗಳಲ್ಲೂ ಕೊಡಗಿನ ಕಾಫಿತೋಟದ ಬಂಗಲೆಗಳಲ್ಲೂ ಇಂಥ ಗೋಡೆಗೂಡುಗಳನ್ನು ಕಾಣಬಹುದು. ಅವುಗಳಲ್ಲಿ ಈಗ ಹೂದಾನಿ ಇಡುವವರೇ ಹೆಚ್ಚು.

ನಮ್ಮ ಅಡುಗೆ ಒಲೆಯ ಸುಧಾರಣೆ ಶುರುವಾದದ್ದು ಸ್ವಾತಂತ್ರ್ಯದ ಹೊತ್ತಿಗೆ. ವಾರ್ಧಾದ ಮಗನವಾಡಿಯಲ್ಲಿ 1947ರಲ್ಲಿ 'ಮಗನ್ ಚೂಲಾ' ರೂಪುಗೊಂಡಿತು. ಹೈದರಾಬಾದಿನ ಎಸ್.ಪಿ. ರಾಜು ಹೊಗೆರಹಿತ ಒಲೆಯ ಬಗ್ಗೆ 1953ರಲ್ಲಿ ಪುಸ್ತಕವನ್ನೇ ಬರೆದರು. ಕರ್ನಾಟಕದ ಮಟ್ಟಿಗೆ ನೆನೆಯಬೇಕಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಒಲೆಯನ್ನು. ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ಈ ಕೋಶ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತನ್ನ ಕ್ಷೇತ್ರಕೇಂದ್ರ ತೆರೆಯಿತು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಇಂಧನ ಹೋಗುತ್ತದೆಂದು ವಿಜ್ಞಾನಿಗಳು ಮನೆಮನೆ ಸುತ್ತಿ ಅಳೆದಾಗ, ಸಿಂಹಪಾಲು ನುಂಗುತ್ತಿದ್ದುದು ಪಂಪುಸೆಟ್ಟೂ ಅಲ್ಲ, ದೀಪವೂ ಅಲ್ಲ, ಅಡುಗೆ ಒಲೆ! ಅದರಲ್ಲೂ ಸೌದೆಯ ಹೆಚ್ಚಿನ ಶಾಖ ಪಾತ್ರೆಗೆ ಮುಟ್ಟದೆ ಗಾಳಿಯ ಪಾಲಾಗುತ್ತಿತ್ತು.

1980ರ ದಶಕದ ಮೊದಲಲ್ಲಿ ಹೊರಬಂದ ಅಸ್ತ್ರ ಒಲೆಗೆ ಸಾಲಾಗಿ ಮೂರು ಕುಳಿ. ಬೆಂಕಿ ಮೊದಲ ಕುಳಿಯಡಿ, ಜಾಲರಿಯ ಮೇಲೆ. ಅದರ ಬಿಸಿಗಾಳಿ ಎರಡನೆಯ, ಮೂರನೆಯ ಪಾತ್ರೆಗಳ ಬುಡ ನೆಕ್ಕಿಕೊಂಡು ಹೋಗಿ ಕೊನೆಗೆ ಹೊಗೆಗೂಡು ಸೇರುತ್ತದೆ. ನಮ್ಮ ಕೋಡೊಲೆಯ ಉಪಾಯವೇ ಇದು, ಲೆಕ್ಕಾಚಾರ ಮಾತ್ರ ಬಿಗಿ. ಪಾತ್ರೆಗೂ ಒಲೆಯ ತಳಕ್ಕೂ ನಡುವಿನ ಸಂದು ಇಷ್ಟೇ ಇರಬೇಕು, ಬಾಯಿ ಇಷ್ಟೇ ಅಗಲವಿರಬೇಕು. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇಕಡ 40ರ ಆಸುಪಾಸು ಮುಟ್ಟಿತು. ಹಳೆ ಒಲೆಯದು ಶೇಕಡ 10ರ ಹತ್ತಿರ ಎಂಬುದು ಆಗ ರೂಢಿಯಲ್ಲಿದ್ದ ಅಂದಾಜು.

ಕೇಂದ್ರ ಸರ್ಕಾರ 1983ರ ಕೊನೆಯಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ವೇಳೆಗೆ ದೇಶದಲ್ಲಿ ಸುಮಾರು ಮೂರೂವರೆ ಕೋಟಿ ಒಲೆಗಳು ಮನೆ ಸೇರಿದ್ದವು ಎನ್ನುತ್ತದೆ ಲೆಕ್ಕ. ಅವುಗಳಲ್ಲಿ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಎಲ್ಲಿ ತಪ್ಪಿತು? ಬಳಸುವವರಿಗೆ ತಿಳಿವಳಿಕೆಯಿಲ್ಲ ಎನ್ನುವುದು ಅಧಿಕಾರಿಗಳ ಸುಲಭದ ಉತ್ತರ. ಈ ಉತ್ತರವನ್ನು ಹಾಗೇ ಒಪ್ಪಲಾಗದು. ಉದ್ದನೆ ಸೌದೆಯೋ ತೆಂಗಿನ ಮಟ್ಟೆಯೋ ಹಿಡಿಸದಾಗ ಮನೆಯಾಕೆ ಒಲೆಯ ಬಾಯಿಯನ್ನು ಅಗಲ ಮಾಡಿಕೊಂಡಳು. ಪಾತ್ರೆ ಬದಲಾದಾಗ ಕುಳಿ ಕೆತ್ತಿದಳು. ಅಮ್ಮನಿಂದ, ಅತ್ತೆಯಿಂದ ಕಲಿತು ವರ್ಷಾವರ್ಷ ಮಾಡುತ್ತ ಬಂದದ್ದನ್ನೇ ಅವಳು ಇಲ್ಲಿಯೂ ಮಾಡಿದಳು. ಆದರೆ ಈ ಒಲೆಯ ಒಳಗುಟ್ಟನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ತರಬೇತಿ ಪಡೆದ ಗಾರೆಯವನು ಬಂದು ಕಟ್ಟಿ ಹೋಗಿದ್ದ, ಹೊಗೆಗೂಡು ಮಸಿ ಕಟ್ಟಿಕೊಂಡಾಗ ಅವನು ಊರಲ್ಲಿರಲಿಲ್ಲ. ಸಾವಿರಾರು ವರ್ಷ ಹೆಂಗಸರ ಕೈಯಲ್ಲಿದ್ದ ರಿಪೇರಿಯ ವಿದ್ಯೆ ಒಂದೇ ಏಟಿಗೆ ಅವರ ಕೈಜಾರಿತು. ಮುಂದೆ ಬೆಂಗಳೂರಿನ 'ಟೈಡ್' ಸಂಸ್ಥೆ 'ಸರಳ' ಒಲೆ ಕಟ್ಟುವುದನ್ನು ಹಳ್ಳಿಯ ಹೆಂಗಸರಿಗೇ ಕಲಿಸಿ ಅದನ್ನೊಂದು ಸಂಪಾದನೆಯ ದಾರಿಯಾಗಿಸಲು ಹೊರಟದ್ದು ಈ ತಪ್ಪನ್ನು ತಿದ್ದಿದ ಹಾಗಾಯಿತು.

2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭವಾದ ಮೇಲೆ ಸಿಲಿಂಡರು ಬಡವರ ಅಡುಗೆಮನೆಗೂ ಬಂತು. ಹಾಗಿದ್ದರೂ ಬಚ್ಚಲಿನ ನೀರೊಲೆ ಪೂರ್ತಿ ಆರಿಲ್ಲ. ಒಂದು ಹಂಡೆ ನೀರನ್ನು ಗ್ಯಾಸಿನಲ್ಲಿ ಕಾಯಿಸಲು ಯಾರ ಮನಸ್ಸು ಒಪ್ಪೀತು, ಹಿತ್ತಿಲಲ್ಲಿ ಮಟ್ಟೆ, ಚಿಪ್ಪು ಬಿದ್ದಿರುವಾಗ? ಅಡುಗೆಯ ಹೊಗೆ ತಪ್ಪಿದರೂ ಬಚ್ಚಲ ಹೊಗೆ ಉಳಿದೇ ಇದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಆದ್ದರಿಂದ ಹಳೆ ನೀರೊಲೆಯನ್ನು ಸ್ವತಃ ಸರಿಪಡಿಸಲು ಹೊರಟವರಿಗೆ ಕೆಲವು ಮಾತು. ಗಟ್ಟಿಮುಟ್ಟಾಗಲೆಂದು ಒಲೆಯ ಒಳಮೈಗೆ ಸಿಮೆಂಟು ಮೆತ್ತುವುದು ಹೊಸಬರು ಮಾಡುವ ಮೊದಲ ತಪ್ಪು. ಬೆಂಕಿಯ ಮುಂದೆ ಸಿಮೆಂಟು ಬಿರಿದು ಉದುರುತ್ತದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು, ಸಗಣಿ ಸೇರಿಸಿ ತುಳಿದು ಹದ ಮಾಡಿದ ಅಜ್ಜಿಯ ಕಾಲದ ಗಾರೆಯೇ ಇಲ್ಲಿ ಮೇಲು. ಒದ್ದೆ ಮೈಗೆ ಬೆಂಕಿ ತೋರಿಸಬಾರದು, ನೆರಳಲ್ಲಿ ಹಲವು ದಿನ ಒಣಗಬೇಕು. ಹಂಡೆಯ ಸುತ್ತ ಬಿಸಿಗಾಳಿ ಸುಳಿಯಲು ಸಂದು ಇರಲಿ, ತೀರ ಅಗಲ ಬೇಡ. ಬೂದಿ ತೆಗೆಯಲು, ಕೆಳಗಿನಿಂದ ಗಾಳಿ ಆಡಲು ಜಾಲರಿ ಇರಲಿ. ಹೊಗೆಗೂಡು ಛಾವಣಿ ದಾಟಿ ಮೇಲೇಳಬೇಕು, ಮಸಿ ತೆಗೆಯಲು ಬುಡದಲ್ಲೊಂದು ಕಿಂಡಿ ಬೇಕು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹಳೆಯ ಕೊಳವೆಯ ವಿಷಯದಲ್ಲಿ. ಹಿಂದೆ ಹೊಗೆಗೂಡಿಗೆ ಕಲ್ನಾರು ಸಿಮೆಂಟಿನ ಕೊಳವೆಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಅದನ್ನು ಗರಗಸದಿಂದ ಕೊಯ್ದರೆ, ಸುತ್ತಿಗೆಯಿಂದ ಒಡೆದರೆ ಏಳುವ ನಾರಿನ ಧೂಳು ಕ್ಯಾನ್ಸರ್ ತರುವಂಥದು. ಹೊಗೆಗೆ ಹೆದರಿ ಈ ಧೂಳು ಕುಡಿಯಬಾರದಲ್ಲ! ಅಂಥ ಕೊಳವೆ ಇದ್ದರೆ ಮನೆಯವರು ಕೈಹಾಕದಿರುವುದೇ ಲೇಸು.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಯಂತ್ರವೇನೂ ಬೇಡ. ಹಂಡೆಗೆ ನೀರು ತುಂಬಿ, ಒಣಗಿದ ಒಲೆಗೆ ನಾಲ್ಕು ಚಿಪ್ಪು ಒಟ್ಟಿ ಸಣ್ಣಗೆ ಉರಿ ಹಾಕಿ, ಹಿತ್ತಿಲಿಗೆ ಬಂದು ಛಾವಣಿಯತ್ತ ನೋಡಿದರಾಯಿತು. ಹೊಗೆ ಕೊಳವೆಯ ತುದಿಯಲ್ಲಿ ಕಾಣಬೇಕು, ಬಚ್ಚಲಿನ ಬಾಗಿಲಲ್ಲಲ್ಲ.