ಗಂಡನ ಸಾಲ, ಹೆಂಡತಿಯ ಸ್ತ್ರೀಧನ



ಶಿವಮೊಗ್ಗದ ವಿದ್ಯಾನಗರದಲ್ಲಿ ಒಬ್ಬ ವ್ಯಾಪಾರಿ ದಿವಾಳಿಯಾದನೆಂದು ಭಾವಿಸಿ. ಕೋರ್ಟಿನ ಅಮೀನರು ಜಪ್ತಿಗೆ ಬಂದಿದ್ದಾರೆ. ಹೆಂಡತಿ ತವರಿನಿಂದ ತಂದ ಒಡವೆಯೂ ಸಾಲ ಕೊಟ್ಟವರ ಪಾಲಾಗಬೇಕೆ?

ಈ ಪ್ರಶ್ನೆ ಬಹಳ ಹಳೆಯದು. ಅದಕ್ಕೆ ದೊರೆತ ಮುಖ್ಯ ಉತ್ತರವೊಂದು ನಮ್ಮ ನಾಡಿನಲ್ಲೇ ರಚಿತವಾಯಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಇದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದನು. ಅದರಂತೆ ಹೆಂಡತಿ ತೀರಿಸಬೇಕಾದ ಸಾಲ ಮೂರೇ ಬಗೆಯದು: ತಾನು ಒಪ್ಪಿಕೊಂಡದ್ದು, ಗಂಡನೊಡನೆ ಸೇರಿ ಮಾಡಿದ್ದು, ತಾನೇ ಮಾಡಿದ್ದು. ಬರಗಾಲ, ಧರ್ಮಕಾರ್ಯ, ರೋಗ, ಸೆರೆ ಈ ನಾಲ್ಕು ಸಂದರ್ಭಗಳಲ್ಲಿ ಗಂಡ ಸ್ತ್ರೀಧನವನ್ನು ಬಳಸಿಕೊಂಡರೆ ಹಿಂದಿರುಗಿಸಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ಈ ಅವಕಾಶ ಗಂಡನಿಗೆ ಮಾತ್ರ. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಗಂಡನ ಮೇಲಿನ ಡಿಕ್ರಿಗಾಗಿ ಸಾಲಿಗರು ಸ್ತ್ರೀಧನವನ್ನು ಜಪ್ತಿ ಮಾಡಲಾಗದೆಂದು 1871ರಲ್ಲಿ ಬೊಂಬಾಯಿ ಹೈಕೋರ್ಟು ಎತ್ತಿಹಿಡಿದದ್ದೂ ಇದೇ ತತ್ತ್ವವನ್ನು.

ಹಳೆಯ ವ್ಯವಸ್ಥೆಯಲ್ಲಿ ಕೊರತೆಯೂ ಇತ್ತು. ಹೆಂಡತಿ ದುಡಿದು ಗಳಿಸಿದ್ದರ ಮೇಲೆ ಗಂಡನಿಗೆ ಅಧಿಕಾರವಿದೆಯೆಂದು ಕಾತ್ಯಾಯನ ಸ್ಮೃತಿ ಹೇಳಿತ್ತು. ಶಿವಮೊಗ್ಗವೂ ಸೇರಿದ್ದ ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು, ಆಕೆಯ ದುಡಿಮೆಯ ಗಳಿಕೆಯನ್ನೂ ಸ್ತ್ರೀಧನಕ್ಕೆ ಸೇರಿಸಿತು. ಗಂಡನ ಮನೆಯಲ್ಲಿದ್ದರೂ ಸ್ತ್ರೀಧನ ಹೆಂಡತಿಯದೇ ಎಂದು 1985ರಲ್ಲಿ ಸುಪ್ರೀಂ ಕೋರ್ಟು ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮನ್ನೂ ಗಮನಿಸಿ. ಸಾಲಗಾರನ, ಅವನ ಹೆಂಡತಿ ಮಕ್ಕಳ ಅಗತ್ಯದ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆಗಳನ್ನು ಜಪ್ತಿ ಮಾಡುವಂತಿಲ್ಲ. ಧಾರ್ಮಿಕ ಪದ್ಧತಿಯಂತೆ ಸ್ತ್ರೀ ಕಳಚಬಾರದ ತಾಳಿಯಂಥ ಆಭರಣಕ್ಕೂ ಇದೇ ರಕ್ಷಣೆ.

ಆದರೆ ಕಾನೂನು ಕಾಪಾಡುವುದು ಹೆಂಡತಿಯ ಆಸ್ತಿಯನ್ನು. ಆಕೆಯ ಹೆಸರಿನಲ್ಲಿ ಬಚ್ಚಿಟ್ಟ ಗಂಡನ ಆಸ್ತಿಯನ್ನಲ್ಲ. ಬೆಲೆ ಪಡೆಯದೆ ಮಡದಿಗೆ ಆಸ್ತಿ ವರ್ಗಾಯಿಸಿದವನ ಮೇಲೆ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಂದು ಅವನು ದಿವಾಳಿಯೆಂದು ಘೋಷಿತನಾದರೆ, ಆ ವರ್ಗಾವಣೆಯನ್ನು ರದ್ದುಪಡಿಸಲು 1920ರ ಪ್ರಾಂತೀಯ ದಿವಾಳಿ ಕಾಯಿದೆಯಲ್ಲಿ ಅವಕಾಶವಿದೆ. ಸಾಲಪತ್ರಕ್ಕೆ ಜಾಮೀನುದಾರಳಾಗಿ ರುಜು ಹಾಕಿದರೆ ಆ ಹೊಣೆ ಹೆಂಡತಿಯದೂ ಹೌದು. ವಿಜ್ಞಾನೇಶ್ವರನ ‘ತಾನು ಒಪ್ಪಿಕೊಂಡ ಸಾಲ’ ನೆನಪಿದೆಯಲ್ಲವೆ?

ತಪ್ಪಾಗಿ ಜಪ್ತಿಯಾದ ಒಡವೆಗಾಗಿ ಹೆಂಡತಿ ಅದೇ ನ್ಯಾಯಾಲಯದಲ್ಲಿ ತಕರಾರು ಸಲ್ಲಿಸಬಹುದು. ಆಗ ಬೇಕಾಗುವುದು ಪುರಾವೆ. ಒಡವೆಯ ರಸೀದಿ, ಉಡುಗೊರೆಯ ಪಟ್ಟಿ, ಆಕೆಯ ಬ್ಯಾಂಕ್ ಪುಸ್ತಕ ನಿಮ್ಮ ಮನೆಯಲ್ಲಿ ಜೋಪಾನವಾಗಿವೆಯೇ? ಇಂದೇ ತಾಯಿಯವರನ್ನು ಕೇಳಿ ನೋಡಿ.